ಶ್ರೀಶೈಲದ ದಾರಿ: ಹರಿಹರ ರಾಘವಾಂಕರಲ್ಲಿ ಕ್ಷೇತ್ರದರ್ಶನ

ಕ್ಷೇತ್ರಮಾಹಾತ್ಮ್ಯಗಳೆಂಬ ಗ್ರಂಥಗಳು ಗೀರ್ವಾಣದಲ್ಲಿಯೂ ಕನ್ನಡದಲ್ಲಿಯೂ ಬೇಕಾದಷ್ಟಿವೆ. ಸ್ಕಾಂದಪುರಾಣವೊಂದೇ ಭರತಖಂಡದ ಎಷ್ಟೋ ತೀರ್ಥಗಳಿಗೆ ತವರುಮನೆಯಾಗಿರುವುದು ವಿದಿತವೇ ಆಗಿದೆ. ಇಂಥ ಗ್ರಂಥಗಳ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಸ್ಥಳದ ಉತ್ಪತ್ತಿ, ತರುವಾಯ ಯಾವನೋ ಋಷಿಯ ಅಥವಾ ರಾಜನ ಪಾಪ, ಆಮೇಲೆ ಸ್ನಾನ, ದರ್ಶನ, ಪಾಪನಿವೃತ್ತಿ, ಕಡೆಗೆ ಫಲಶ್ರುತಿ. ಶ್ರೀಶೈಲದ ವಿಷಯದಲ್ಲಂತೂ ಫಲಶ್ರುತಿ ಇನ್ನೂ ಸುಲಭವಾಗಿದೆ. ಶಿಖರವನ್ನು ದೂರದಿಂದ ಕಂಡರೂ ಸಾಕು, ಮರುಜನ್ಮವಿಲ್ಲವೆಂದು ಪ್ರಸಿದ್ಧಿ. ಇದರಲ್ಲಿ ಭಕ್ತನಿಗೆ ಧೈರ್ಯವುಂಟು, ಸಂದೇಹವಿಲ್ಲ. ಆದರೆ ಕವಿಗೆ ಕೆಲಸವಿಲ್ಲ. ಹೋದವನಿಗೆ ಸಿಕ್ಕೇ ಸಿಕ್ಕುವುದೆಂದು ಮೊದಲೇ ನಿಶ್ಚಯವಾದಲ್ಲಿ ಔತ್ಸುಕ್ಯವಾಗಲಿ ಶಂಕೆಯಾಗಲಿ ದೈನ್ಯವಾಗಲಿ ತಲೆಹಾಕಲು ಎಡೆಯೆಲ್ಲಿ? ಸಂಚಾರಿಭಾವಗಳಿಗೆ ದಾರಿ ಕಟ್ಟಿದ ಮೇಲೆ ರಸ ಎಲ್ಲಿಂದ ಬರಬೇಕು?

ಹೋದವನಿಗೆ ಅಲ್ಲಿ ಸಿಕ್ಕದೆಯೇ ಹೋದರೆ ಏನು ಗತಿ ಎಂಬ ಪ್ರಶ್ನೆಯನ್ನು ಅಂಜದೆ ಕೇಳಿದ ಕಾವ್ಯಗಳು ಕನ್ನಡದಲ್ಲಿ ವಿರಳ. ಅವುಗಳಲ್ಲಿ ಎರಡು ಶ್ರೀಶೈಲಕ್ಕೇ ಸಂಬಂಧಪಟ್ಟವು; ಒಂದು ಹರಿಹರನ ಮಹಾದೇವಿಯಕ್ಕನ ರಗಳೆ, ಇನ್ನೊಂದು ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಸಿದ್ಧರಾಮಚಾರಿತ್ರ. ಇಬ್ಬರೂ ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ಬಾಳಿದವರು. ಯಾತ್ರಿಕರು ಬಂದುಹೋಗುವ ಊರಿನಲ್ಲಿ ನಿತ್ಯವಾಸಿಗಳಾಗಿದ್ದವರಿಗೆ ಕ್ಷೇತ್ರವೆಂದರೆ ಏನು, ಅದರಿಂದ ಆಗುವುದೇನು, ಆಗದಿರುವುದೇನು ಎಂಬುದು ಒಂದು ದಿನದ ಮಟ್ಟಿಗೆ ಬಂದುಹೋಗುವವನಿಗಿಂತ ಚೆನ್ನಾಗಿ ತಿಳಿದಿರುವುದು ಸಹಜವಷ್ಟೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಓದುಗರಿಗೆ ಈ ವಿಷಯ ಪರಸ್ಥಳದ್ದಲ್ಲ. ಅಕ್ಕಮಹಾದೇವಿಯ ಜನ್ಮಸ್ಥಾನವಾದ ಉಡುತಡಿ, ಹೊನ್ನಾಳಿ ನ್ಯಾಮತಿಗಳಿಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನದು. ಅಲ್ಲಮನ ಬಳ್ಳಿಗಾವೆಯೂ ಅದೇ ತಾಲ್ಲೂಕಿನಲ್ಲಿದೆ. ೧೯೯೭ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ಚನ್ನಗಿರಿ ಹೊನ್ನಾಳಿಗಳು ಆ ಸ್ಥಳಗಳೊಡನೆ ಒಂದೇ ಶಿವಮೊಗ್ಗೆ ಜಿಲ್ಲೆಗೆ ಸೇರಿದ್ದವು. ಜಗಳೂರಿನವರು ಅಂದು ಚಿತ್ರದುರ್ಗದ ಕಡೆಯವರು. ಆ ಜಿಲ್ಲೆಯ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿಕೊಟ್ಟು, ಆ ಕವಿಯನ್ನು ಹೊಸಕಾಲದ ಓದುಗರ ಕೈಗೆ ತಂದವರಲ್ಲಿ ಪ್ರಮುಖರು. ಆದುದರಿಂದ ಕಥಾನಾಯಿಕೆಯೂ ಸಂಪಾದಕರೂ ಈ ಸುತ್ತಿನವರೇ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಶ್ರೀಶೈಲ ನಲ್ಲಮಲೆಯ ಕಾಡಿನ ನಡುವೆ ಕೃಷ್ಣಾನದಿಯ ಮೇಲಣ ದಿಣ್ಣೆಯಲ್ಲಿದೆ. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಮಲ್ಲಿಕಾರ್ಜುನ ಒಂದು, ಅಷ್ಟಾದಶ ಶಕ್ತಿಪೀಠಗಳಲ್ಲಿ ಭ್ರಮರಾಂಬೆ ಒಂದು. ಎರಡೂ ಒಂದೇ ಪ್ರಾಕಾರದೊಳಗಿರುವುದು ಅಲ್ಲಿನ ವಿಶೇಷ. ಹಿಂದೆ ಆತ್ಮಕೂರಿನಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನುಗಳ ಮೂಲಕ ಏರಿ ಇಳಿದು ಕೈಲಾಸದ್ವಾರ ಮುಟ್ಟಬೇಕಾಗಿತ್ತು. ೧೪ನೆಯ ಶತಮಾನದಲ್ಲಿ ರೆಡ್ಡಿರಾಜನಾದ ಪ್ರೋಲಯ ವೇಮನು ಬೆಟ್ಟಕ್ಕೆ ಮೆಟ್ಟಲು ಕಟ್ಟಿಸಿದನು. ಅದೇ ಶತಮಾನದ ಕಡೆಯಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯಲು ಸೋಪಾನ ಮಾಡಿಸಿದಳು. ಪ್ರಕೃತ ಕವಿಗಳಿಬ್ಬರೂ ಈ ಮೆಟ್ಟಲುಗಳಿಗಿಂತ ಹಿಂದಿನವರು. ಅವರ ಕಾವ್ಯದಲ್ಲಿ ಶ್ರೀಶೈಲಕ್ಕೆ ಹೋಗುವುದೆಂದರೆ ಕಾಡುಹೊಗುವುದೇ ಎಂಬುದನ್ನು ವಾಚಕರು ಮರೆಯತಕ್ಕದ್ದಲ್ಲ. ಇಂದು ಮೋಟಾರು ಬಸ್ಸಿನಲ್ಲಿ ರಾತ್ರಿ ಕುಳಿತು ಬೆಳಗಾಗುವುದರೊಳಗೆ ಗೋಪುರ ಕಾಣುವವನಿಗೆ ಸಿದ್ಧರಾಮನ ಅಳು ಸ್ವಲ್ಪ ಅತಿಯೆನಿಸುವುದು ಇದರಿಂದಲೇ.

ಮೊದಲು ರಾಘವಾಂಕನ ಕಥೆ. ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಮುದ್ದುಗೌಡ ಸುಗ್ಗವ್ವೆಯರ ಮಗ ಸಿದ್ಧರಾಮ. ಮಾತು ಕಡಿಮೆ, ನೋಡಿದವರಿಗೆ ಮಂಕನೆಂದು ತೋರುವ ಹುಡುಗ. ಹೊಲದ ಬಳಿ ಇರುವಾಗ ಒಬ್ಬ ಜಂಗಮನು ಬರುತ್ತಾನೆ. ತನ್ನ ಹೆಸರು ಮಲ್ಲಯ್ಯ, ತನ್ನ ಊರು ಶ್ರೀಶೈಲ ಎನ್ನುತ್ತಾನೆ. ಎಳೆಯ ತೆನೆ ಬೇಡುತ್ತಾನೆ, ಹುಡುಗ ಕೊಡುತ್ತಾನೆ. ಉಣ್ಣಲು ಬೇಕೆನ್ನುತ್ತಾನೆ, ಹುಡುಗ ಮನೆಗೆ ಓಡಿ ತರುತ್ತಾನೆ. ತಂದು ನೋಡಿದರೆ ಅತಿಥಿಯಿಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ ಹೊರಟವನನ್ನು ಶ್ರೀಶೈಲಕ್ಕೆ ಹೋಗುತ್ತಿದ್ದ ಯಾತ್ರಿಕರು ಕಂಡು ತಮ್ಮೊಡನೆ ಕರೆದುಕೊಂಡು ಹೋಗುತ್ತಾರೆ. ಗುಡಿಯೊಳಗೆ ನಿಲ್ಲಿಸಿ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯ ಎನ್ನುತ್ತಾರೆ. ಹುಡುಗ ನೋಡಿ, ಇವನು ತನ್ನ ಮಲ್ಲಯ್ಯನಲ್ಲ ಎನ್ನುತ್ತಾನೆ.

ಕನ್ನಡ ಕಾವ್ಯದಲ್ಲಿ ದೇವಾಲಯದ ವರ್ಣನೆ ಎಷ್ಟೋ ಇವೆ. ಗರ್ಭಗುಡಿಯ ಮುಂದೆ ಹುಟ್ಟಿದ ಇಂಥ ಮಾತು ಮತ್ತೊಂದಿರುವುದು ಸಂಶಯ. ಇದರ ಬೆಲೆ ತಿಳಿಯಬೇಕಾದರೆ ನೈಯಾಯಿಕರೂ ಮೀಮಾಂಸಕರೂ ಶಬ್ದಾರ್ಥದ ವಿಷಯದಲ್ಲಿ ಹೇಳುವ ಒಂದು ಸಂಗತಿಯನ್ನು ನೆನೆಯಬಹುದು. ಮಗುವಿಗೆ ಶಬ್ದದ ಸಂಕೇತ ತಿಳಿಯುವುದು ವೃದ್ಧವ್ಯವಹಾರದಿಂದ. ಹಿರಿಯನೊಬ್ಬನು ಹಸುವನ್ನು ತಾ ಎನ್ನುತ್ತಾನೆ, ಇನ್ನೊಬ್ಬನು ತರುತ್ತಾನೆ. ನೋಡುತ್ತ ನಿಂತ ಬಾಲಕನು ಹಸುವೆಂದರೆ ಇದು ಎಂದು ಗ್ರಹಿಸುತ್ತಾನೆ. ಪಾಠಶಾಲೆಯಲ್ಲಿ ತರ್ಕಸಂಗ್ರಹ ಓದಿದವರಿಗೆಲ್ಲ ಇದು ಪರಿಚಿತವಾದ ದೃಷ್ಟಾಂತವೇ. ಸಿದ್ಧರಾಮನ ಪ್ರಸಂಗದಲ್ಲಿ ಕ್ರಮ ತಲೆಕೆಳಗಾಗಿದೆ. ಮಲ್ಲಯ್ಯನೆಂಬ ಶಬ್ದವನ್ನು ಅವನಿಗೆ ಕಲಿಸಿದವರು ವೃದ್ಧರಲ್ಲ, ಮಲ್ಲಯ್ಯನೇ. ಹಸಿದವನು, ತೆನೆ ತಿಂದವನು, ಅನ್ನ ಬೇಡಿದವನು ಯಾವನೋ ಅವನು ಆ ಶಬ್ದದ ವಾಚ್ಯ. ಈಗ ಶ್ರೀಶೈಲದ ವೃದ್ಧವ್ಯವಹಾರ ಅದೇ ಶಬ್ದಕ್ಕೆ ಬೇರೊಂದು ವಾಚ್ಯವನ್ನು ತೋರಿಸುತ್ತದೆ. ಪ್ರಾಯದವನಾಗಿದ್ದರೆ ಎರಡೂ ಒಂದೇ ಎಂದು ಲಕ್ಷಣೆಯಿಂದಲೋ ಸಂಕೋಚದಿಂದಲೋ ಹೊಂದಿಸಿಕೊಂಡು ಕೈಮುಗಿದು ಬರುತ್ತಿದ್ದನು. ಯಾತ್ರಿಕರಲ್ಲಿ ಹೆಚ್ಚು ಮಂದಿ ಮಾಡುವುದು ಅದನ್ನೇ. ಹುಡುಗನಿಗೆ ಅದು ಬಾರದು.

ಇಲ್ಲಿ ರಾಘವಾಂಕನ ಔಚಿತ್ಯಪ್ರಜ್ಞೆ ಎದ್ದು ಕಾಣುವುದು ಅವನು ಮಾಡದೆ ಬಿಟ್ಟದ್ದರಲ್ಲಿ. ಗುಡಿಯನ್ನು ಹಳಿಯುವುದು ಸುಲಭವಾಗಿತ್ತು, ಅವನು ಹಳಿಯಲಿಲ್ಲ. ತೋರಿಸಿದವರನ್ನು ಮೂಢರೆಂದು ಚಿತ್ರಿಸುವುದೂ ಸುಲಭವೇ. ಅವರು ದಯಾವಂತರು, ದಿಕ್ಕಿಲ್ಲದ ಹುಡುಗನನ್ನು ದಾರಿಯುದ್ದಕ್ಕೂ ನಡೆಸಿ ತಂದವರು. ತಮಗೆ ತಿಳಿದದ್ದನ್ನು ಪ್ರಾಮಾಣಿಕವಾಗಿ ತೋರಿಸಿದರು. ಅವರ ಮಾತೂ ನಿಜ, ಹುಡುಗನ ಮಾತೂ ನಿಜ. ಎರಡು ನಿಜಗಳ ನಡುವೆ ಒಂದು ಎಳೆಯ ಜೀವ ಸಿಕ್ಕಿಕೊಂಡಿರುವುದೇ ಅಲ್ಲಿಯ ಕರುಣದ ಮೂಲ. ಯಾರ ಮೇಲೂ ತಪ್ಪು ಹೊರಿಸದೆ ಕರುಣವನ್ನು ಸಾಧಿಸುವುದು ದೊಡ್ಡ ಕವಿಗಳಿಗೆ ಮಾತ್ರ ಆಗುವ ಕೆಲಸ. ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನಂಥ ಪೀಡಕನಿದ್ದು ಕವಿಗೆ ಸಹಾಯವಾಯಿತು. ಇಲ್ಲಿ ಆ ಸಹಾಯವೂ ಇಲ್ಲ. ಆ ದೃಷ್ಟಿಯಿಂದ ಗಾತ್ರದಲ್ಲಿ ಸಣ್ಣದಾದ ಈ ಪ್ರಸಂಗವೇ ಮೇಲೆಂದು ಹೇಳಿದರೆ ಹರಿಶ್ಚಂದ್ರಕಾವ್ಯದ ಅಭಿಮಾನಿಗಳು ಕೋಪಿಸಬಾರದು.

ಮುಂದೆ ಹುಡುಗನು ಗುಡಿಯನ್ನು ಬಿಟ್ಟು ಬೆಟ್ಟದಲ್ಲಿ ಕೂಗುತ್ತ ಅಲೆದು ಕಮರಿಯ ಅಂಚಿಗೆ ಬಂದು, ಕಾಣದ ಮೇಲೆ ಬದುಕಿ ಫಲವಿಲ್ಲವೆಂದು ಬೀಳಲು ಹೋಗುತ್ತಾನೆ. ಆಗ ಮಲ್ಲಿಕಾರ್ಜುನನು ಕೈಹಿಡಿಯುತ್ತಾನೆ. ಕಂಡದ್ದು ಗರ್ಭಗುಡಿಯಲ್ಲಲ್ಲ, ಕಮರಿಯಲ್ಲಿ. ಹಾಗೆಂದು ಶ್ರೀಶೈಲಕ್ಕೆ ಬಂದದ್ದು ವ್ಯರ್ಥವೂ ಅಲ್ಲ, ಕಮರಿಯೂ ಶ್ರೀಶೈಲದ್ದೇ. ಇಷ್ಟು ಸೂಕ್ಷ್ಮವಾಗಿ ಕವಿ ಕ್ಷೇತ್ರದ ಗೌರವವನ್ನು ಉಳಿಸಿದ್ದಾನೆ. ಆಮೇಲೆ ಬರುವ ಆಜ್ಞೆಯಂತೂ ಮಾಹಾತ್ಮ್ಯಗ್ರಂಥಗಳಲ್ಲಿ ಎಲ್ಲಿಯೂ ಕೇಳದ್ದು. ಇಲ್ಲಿಯೇ ಇರು ಎನ್ನಬೇಕಾದ ದೇವರು ಊರಿಗೆ ಹಿಂತಿರುಗು, ಅದನ್ನೇ ಶ್ರೀಶೈಲ ಮಾಡು ಎಂದು ಕಳುಹಿಸುತ್ತಾನೆ.

ಇಲ್ಲಿಂದ ಮುಂದೆ ಕಾವ್ಯದ ಓಟ ಕುಂದುವುದೆಂಬುದನ್ನು ಮರೆಮಾಚಬೇಕಾದದ್ದಿಲ್ಲ. ಗುಡಿ, ಕೆರೆ, ಪವಾಡ, ಮತ್ತೆ ಪವಾಡ. ಕಮರಿಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಓದುಗನಿಗೆ ಇವು ಲೆಕ್ಕದ ಪುಸ್ತಕದಂತೆ ಕಾಣುವುದುಂಟು. ಸಿದ್ಧರಾಮನ ಮಹಿಮೆಯನ್ನು ಪೂರ್ತಿಯಾಗಿ ಹೇಳಬೇಕೆಂಬ ಭಕ್ತಿ ಕವಿಯನ್ನು ಎಳೆದುಕೊಂಡು ಹೋಯಿತು. ಷಟ್ಪದಿಯನ್ನು ದೊಡ್ಡ ಕಾವ್ಯಕ್ಕೆ ಒಗ್ಗಿಸಿದ ಕೀರ್ತಿ ರಾಘವಾಂಕನದು. ಆ ಛಂದಸ್ಸಿಗೆ ಮಾತಿನ ಚಕಮಕಿ, ಕೂಗು, ಪ್ರಶ್ನೋತ್ತರ ಇವು ಚೆನ್ನಾಗಿ ಒಪ್ಪುತ್ತವೆ, ಪಟ್ಟಿ ಒಪ್ಪುವುದಿಲ್ಲ.

ಹರಿಹರನ ಮಹಾದೇವಿಯಕ್ಕನ ವಿಚಾರ ಬೇರೆ. ಸಿದ್ಧರಾಮನಿಗೆ ಮಲ್ಲಯ್ಯನು ಯಾರೆಂಬುದೇ ಪ್ರಶ್ನೆ. ಅಕ್ಕನಿಗೆ ಆ ಪ್ರಶ್ನೆಯಿಲ್ಲ. ಅವನು ಗಂಡ. ಉಡುತಡಿಯ ಅರಸು ಕೌಶಿಕನು ಬಲಾತ್ಕಾರದಿಂದ ಕೈಹಿಡಿದು, ತಾನು ಒಪ್ಪಿದ ನಿಯಮಗಳನ್ನು ಮೂರು ಸಲ ಮೀರಿದ ಮೇಲೆ ಅವಳು ಎಲ್ಲವನ್ನೂ ಬಿಟ್ಟು ಶ್ರೀಶೈಲಕ್ಕೆ ನಡೆಯುತ್ತಾಳೆ. ತರುವಾಯದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅವಳು ಕೌಶಿಕನ ಹೆಂಡತಿಯಾಗುವುದೇ ಇಲ್ಲ. ಶೂನ್ಯಸಂಪಾದನೆಯಲ್ಲಿ ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮನೊಡನೆ ಅವಳಿಗೆ ಆಗುವ ಸಂವಾದವೇ ಶಿಖರಸ್ಥಾನ. ಹರಿಹರನಲ್ಲಿ ಕಲ್ಯಾಣವಿಲ್ಲ, ಉಡುತಡಿಯಿಂದ ನೇರವಾಗಿ ಶ್ರೀಶೈಲ. ತತ್ತ್ವಜಿಜ್ಞಾಸುಗಳು ಇದನ್ನು ಕೊರತೆಯೆಂದು ಎಣಿಸುವರು. ಕಾವ್ಯದೃಷ್ಟಿಯಿಂದ ಇದು ಲಾಭವೇ. ವಾದದಲ್ಲಿ ಗೆದ್ದು ಹೊರಟವಳ ನಡಿಗೆ ಬೇರೆ, ಯಾರ ಅನುಮತಿಯನ್ನೂ ಕೇಳದೆ ಹೊರಟವಳ ನಡಿಗೆ ಬೇರೆ. ರಗಳೆಯ ನಿಲ್ಲದ ಓಟಕ್ಕೆ ಎರಡನೆಯದೇ ಸರಿ.

ಆದರೆ ಹರಿಹರನ ನಿಜವಾದ ಪ್ರತಿಭೆ ದಾರಿಯಲ್ಲಿಲ್ಲ, ತಲುಪಿದ ಮೇಲಿದೆ. ಕ್ಷೇತ್ರ ಸೇರಿದರೆ ಸಂಸಾರ ಬಿಟ್ಟಿತೆಂದು ಎಲ್ಲರೂ ಭಾವಿಸುತ್ತಾರಷ್ಟೆ. ಅಕ್ಕ ಶ್ರೀಶೈಲದಲ್ಲಿ ನಿಂತ ಮೇಲೆ ತಂದೆತಾಯಿಗಳು ಅಲ್ಲಿಗೆ ಬರುತ್ತಾರೆ. ಆಮೇಲೆ ಕೌಶಿಕನೂ ಬರುತ್ತಾನೆ, ಅದೂ ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ ಭಕ್ತನ ವೇಷದಲ್ಲಿ. ಬಿಟ್ಟು ಬಂದದ್ದು ಬೆನ್ನಟ್ಟಿ ಬರುವಾಗ ಹಳೆಯ ರೂಪದಲ್ಲಿ ಬರುವುದಿಲ್ಲ, ಭಕ್ತಿಯ ರೂಪದಲ್ಲಿಯೇ ಬರುತ್ತದೆ. ವೇಷಕ್ಕೆ ಮರುಳಾಗದೆ ಅದನ್ನು ಗುರುತಿಸುವುದೇ ಅಕ್ಕನಿಗೆ ಅಲ್ಲಿ ಒದಗಿದ ಪರೀಕ್ಷೆ. ಕಾಡು, ಬೆಟ್ಟ, ಹೊಳೆ ದಾಟಿದ್ದು ಇದರ ಮುಂದೆ ಅಲ್ಪ. ಮಾಹಾತ್ಮ್ಯಕಾರರ ಕ್ಷೇತ್ರದಲ್ಲಿ ಪಾಪ ಬಾಗಿಲಲ್ಲೇ ನಿಲ್ಲುತ್ತದೆ. ಹಂಪೆಯ ತೇರಬೀದಿಯನ್ನು ಕಂಡಿದ್ದ ಹರಿಹರನಿಗೆ ಅದು ವಿಭೂತಿ ಬಳಿದುಕೊಂಡು ಒಳಗೆ ಬರುವುದೂ ಗೊತ್ತಿತ್ತು. ಕಡೆಗೆ ರಗಳೆ ವಾಡಿಕೆಯಂತೆ ಕೈಲಾಸದಲ್ಲಿ ಮುಗಿಯುತ್ತದೆ. ಆ ಭಾಗ ಸ್ವಲ್ಪ ಅವಸರದ್ದು, ಮತ್ತು ಹರಿಹರನ ಬೇರೆ ಶರಣರ ರಗಳೆಗಳನ್ನು ಓದಿದವರಿಗೆ ಹೊಸದಲ್ಲ.

ಅಕ್ಕನ ಸ್ವಂತ ವಚನಗಳನ್ನು ಈ ರಗಳೆಯ ಪಕ್ಕದಲ್ಲಿಟ್ಟು ಓದುವುದು ಯುಕ್ತ. ದುಂಬಿಯನ್ನೂ ಮಾವನ್ನೂ ಬೆಳುದಿಂಗಳನ್ನೂ ಕೋಗಿಲೆಯನ್ನೂ ಕರೆದು, ತನ್ನ ಒಡೆಯನನ್ನು ಕಂಡರೆ ಕರೆದು ತೋರಿಸಿರೆಂದು ಅವಳು ಬೇಡುವ ಪ್ರಸಿದ್ಧವಾದ ವಚನವುಂಟು. ಸಂಸ್ಕೃತಜ್ಞರಿಗೆ ಕೂಡಲೇ ವಿಕ್ರಮೋರ್ವಶೀಯದ ನಾಲ್ಕನೆಯ ಅಂಕ ನೆನಪಾಗುವುದು. ಅಲ್ಲಿಯೂ ಪುರೂರವನು ಕಾಡಿನ ಪ್ರಾಣಿಪಕ್ಷಿಗಳನ್ನು ಕೇಳುತ್ತಾನೆ. ಭೇದವಿಷ್ಟೇ: ಪುರೂರವನದು ಉನ್ಮಾದ, ಅವನು ಕಳೆದುಕೊಂಡು ಹುಡುಕುತ್ತಾನೆ. ಅಕ್ಕ ಇನ್ನೂ ಪಡೆಯದೆಯೇ ಹುಡುಕುತ್ತಾಳೆ. ಮೊದಲನೆಯದು ವಿಪ್ರಲಂಭದ ಲಕ್ಷಣಕ್ಕೆ ಸರಿಹೋಗುವುದು. ಎರಡನೆಯದಕ್ಕೆ ಆಲಂಕಾರಿಕರು ಪೂರ್ವರಾಗವೆಂದು ಹೆಸರಿಟ್ಟರೂ ಆ ಹೆಸರು ಅವಳ ಅಳತೆಗೆ ಸಾಲದು.

ಅವಳ ಅಂಕಿತದ ವಿಷಯವಾಗಿಯೂ ಒಂದು ಮಾತು. ಅರ್ಜುನವೆಂದರೆ ಬಿಳುಪು, ಮಲ್ಲಿಕೆಯೆಂದರೆ ಮಲ್ಲಿಗೆ. ಆದುದರಿಂದ ಮಲ್ಲಿಗೆಯಂತೆ ಬೆಳ್ಳಗಿನವನು ಎಂದು ಒಂದು ಅರ್ಥ. ಎ. ಕೆ. ರಾಮಾನುಜನ್ನರು ೧೯೭೩ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಇದನ್ನೇ ಹಿಡಿದರು, ಹೊರದೇಶಗಳಲ್ಲಿ ಅದೇ ಪ್ರಚುರವಾಯಿತು. ಅರ್ಜುನವೆಂದರೆ ಮತ್ತಿಯ ಮರವೂ ಹೌದು. ಮಲ್ಲಿಗೆಯ ಬಳ್ಳಿ ಹಬ್ಬಿದ ಮತ್ತಿಯ ಮರದ ಬುಡದಲ್ಲಿ ನೆಲಸಿದವನೆಂದು ಇನ್ನೊಂದು ಅರ್ಥ. ಮರವನ್ನು ಅಪ್ಪಿದ ಬಳ್ಳಿ ದಾಂಪತ್ಯಕ್ಕೆ ಕವಿಸಮಯವಾದುದರಿಂದ, ಗಂಡನೆಂದು ಕರೆಯುವ ಅಕ್ಕನ ಬಾಯಲ್ಲಿ ಈ ಎರಡನೆಯ ಅರ್ಥವೇ ಹೆಚ್ಚು ಧ್ವನಿಪೂರ್ಣವಾಗಿರುವುದು. ಚಂದ್ರವತಿಯೆಂಬ ರಾಜಕುವರಿ ಮಲ್ಲಿಗೆಯಿಂದ ಪೂಜಿಸಿದಳೆಂಬ ಸ್ಥಳಪುರಾಣದ ಕಥೆಯಲ್ಲಿಯೂ ಆ ಹೂವಿನೊಡನೆ ಹೆಣ್ಣೊಬ್ಬಳು ಇದ್ದೇ ಇದ್ದಾಳೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಬೇಕಾಗುತ್ತದೆ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ೧೯೨೩ರಲ್ಲಿ ಹೊರಬಂದಂದಿನಿಂದ ವಚನಗಳನ್ನು ಓದಿದವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಯಿದು: ದೇಹವೇ ದೇಗುಲ, ನಿಂತದ್ದಕ್ಕೆ ಅಳಿವುಂಟು ಎಂದು ಬೋಧಿಸಿದ ಶರಣರಿಗೆ ಶ್ರೀಶೈಲವೇಕೆ? ಆದುದರಿಂದ ಈ ಯಾತ್ರೆಯ ಕಥೆಗಳೆಲ್ಲ ಪುರಾಣಪ್ರಿಯರಾದ ಕವಿಗಳ ಕಲ್ಪನೆಯೆಂದು ತಳ್ಳಿಹಾಕುವವರುಂಟು. ಈ ವಾದ ಅಕ್ಕನ ಅಂಕಿತದ ಮುಂದೆ ನಿಲ್ಲುವುದಿಲ್ಲ. ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನನ ಮುಂದೆಯೂ ನಿಲ್ಲುವುದಿಲ್ಲ. ಇಬ್ಬರೂ ಬೆಟ್ಟದ ಮೇಲಣ ಸ್ಥಾವರದೇವರ ಹೆಸರನ್ನೇ ಪ್ರತಿ ವಚನದ ತುದಿಯಲ್ಲಿಟ್ಟವರು. ಅದೇ ಅಕ್ಕ ಶ್ರೀಶೈಲದ ಕದಳಿಯನ್ನು ಕುರಿತು, ಅದು ತನುವೇ ಮನವೇ ಎಂಬರ್ಥದಲ್ಲಿ ಹೇಳುತ್ತಾಳೆ. ಹೆಸರು ಬೆಟ್ಟದ್ದು, ಅರ್ಥ ಒಳಗಿನದು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸಿದರೆ ವಚನವೇ ಉಳಿಯುವುದಿಲ್ಲ. ಕ್ಷೇತ್ರಮಹಿಮೆಯನ್ನು ಮಾತ್ರ ಕಾಣುವ ಭಾವುಕರೂ ಅದನ್ನು ಕಾಣಲೊಲ್ಲದ ಸುಧಾರಕರೂ ಈ ವಿಷಯದಲ್ಲಿ ಒಂದೇ ಬಗೆಯ ಅವಸರ ಮಾಡುತ್ತಾರೆ.

ಈ ಜಗಳ ಹೊಸದಲ್ಲ. ಚಾಮರಸನ ಕಾಲಕ್ಕೇ ಅದು ಕಥೆಯೊಳಗೆ ಸೇರಿತ್ತು. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಗುಡಿ ಕಟ್ಟಿಸಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಮಣ್ಣು ಹೊರುವ ಒಡ್ಡನೆಂಬರ್ಥದ ಮಾತಿನಿಂದ ಕರೆದು ಕೆಣಕುತ್ತಾನೆ. ವೇದಾಂತದೃಷ್ಟಿಗೆ ಅಲ್ಲಮನ ಪಕ್ಷವೇ ಬಲವಾದದ್ದೆಂದು ಪಂಡಿತರು ಒಪ್ಪುತ್ತಾರೆ. ಚನ್ನಗಿರಿಯ ಕಡೆಯ ರೈತನನ್ನು ಕೇಳಿದರೆ ತೀರ್ಪು ಹೀಗೆಯೇ ಬರುವುದೆಂದು ಹೇಳಲಾಗದು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹಿಡಿದ ಸೂಳೆಕೆರೆಯ ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ಅದರ ನೀರು ಹರಿದ್ರೆಯಾಗಿ ಹರಿದು ತುಂಗಭದ್ರೆ ಸೇರುತ್ತದೆ. ಅಂಥ ಕೆರೆಯ ನೀರುಂಡ ಜನ ಮಣ್ಣು ಹೊತ್ತವನನ್ನು ಕೀಳೆನ್ನುವರೆ? ಸೊಲ್ಲಾಪುರದ ಕೆರೆಯ ನಡುವೆ ಸಿದ್ಧೇಶ್ವರನ ಗುಡಿ ಇಂದಿಗೂ ಇದೆ. ಕೆಣಕುಮಾತಾಗಿದ್ದುದು ಒಂದು ದೊಡ್ಡ ಸಮುದಾಯಕ್ಕೆ ಹೆಮ್ಮೆಯಾಗಿ ಪರಿಣಮಿಸಿ, ಭೋವಿ ಜನರು ಸಿದ್ಧರಾಮನನ್ನು ಕುಲಗುರುವೆಂದು ಆರಾಧಿಸುತ್ತಾರೆ. ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ. ರಾಘವಾಂಕನ ಉತ್ತರಾರ್ಧ ನೀರಸವೆಂದು ಮೇಲೆ ಹೇಳಿದ್ದು ಕಾವ್ಯದ ಮಾತು. ಆ ಉತ್ತರಾರ್ಧದ ವಸ್ತುವಿಗೆ ಆ ಮಾತು ಸಲ್ಲದು.

ಶ್ರೀಶೈಲದಲ್ಲಿ ಯುಗಾದಿಗೆ ಕನ್ನಡಿಗರ ದಟ್ಟಣೆ ಹೆಚ್ಚು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ರಾಯಚೂರುಗಳ ಕಡೆಯಿಂದ ಸಾವಿರಾರು ಜನರು ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಇಂದಿಗೂ ಕಾಡಿನ ದಾರಿಯಲ್ಲಿಯೇ ನಡೆದು ಹೋಗುತ್ತಾರೆ. ಅವರಿಗೆ ಭ್ರಮರಾಂಬೆ ತಮ್ಮ ನಾಡಿನ ಮಗಳು, ಮಲ್ಲಯ್ಯ ಅಳಿಯ. ಮಗಳಿಗೆಂದು ಬಾಗಿನ ಒಯ್ಯುವುದು ಪದ್ಧತಿ. ನಲ್ಲಮಲೆಯ ಚೆಂಚರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಕರೆಯುತ್ತಾರೆ, ತಮ್ಮ ಹುಡುಗಿಯನ್ನು ಮದುವೆಯಾದನೆಂದು ಅವರ ಕಥೆ. ಆ ಬೆಟ್ಟದ ದೇವರನ್ನು ಜನರು ಒಡೆಯನೆಂದು ಕಂಡದ್ದಕ್ಕಿಂತ ನಂಟನೆಂದು ಕಂಡದ್ದೇ ಹೆಚ್ಚು. ಅಕ್ಕ ಅವನನ್ನು ಗಂಡನೆಂದದ್ದೂ ಸಿದ್ಧರಾಮ ಮನೆಗೆ ಬಂದ ಅತಿಥಿಯೆಂದದ್ದೂ ಈ ನಂಟಸ್ತನದ ಭಾಷೆಗೆ ಸೇರಿದ ಮಾತುಗಳೇ.

ಶ್ರೀಶೈಲಕ್ಕೆ ಹೊರಡುವ ಮನೆಯವರು ಈ ಎರಡು ಕೃತಿಗಳಲ್ಲಿ ಯಾವುದನ್ನು ಮೊದಲು ಓದಬೇಕೆಂದರೆ, ಹೊರಡುವ ಮುನ್ನ ರಾಘವಾಂಕನನ್ನು ಕಮರಿಯ ಪ್ರಸಂಗದವರೆಗೆ, ಹಿಂತಿರುಗಿ ಬಂದ ಮೇಲೆ ಹರಿಹರನನ್ನು ಓದುವುದು ಲೇಸು. ರಾಘವಾಂಕನನ್ನು ಕಣ್ಣಿನಿಂದ ಓದಿದರೆ ಅರ್ಧವೇ ದಕ್ಕುವುದು. ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯಲ್ಲಿ ಗಮಕದ ಪರಂಪರೆ ಇನ್ನೂ ಜೀವಂತವಾಗಿದೆ, ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು. ಗಮಕಿಗಳು ಕುಮಾರವ್ಯಾಸನ ಯುದ್ಧಪ್ರಸಂಗಗಳಿಗೆ ಕೊಡುವ ಸಮಯದಲ್ಲಿ ಒಂದು ಸಂಜೆಯನ್ನು ಈ ಹುಡುಗನಿಗೂ ಕೊಟ್ಟರೆ, ಮಲ್ಲಯ್ಯಾ ಎಂಬ ಆ ಕೂಗು ಷಟ್ಪದಿಯ ಯಾವ ಎಡೆಯಲ್ಲಿ ಏರಬೇಕು, ಗರ್ಭಗುಡಿಯ ಮುಂದೆ ಯಾವ ಎಡೆಯಲ್ಲಿ ತಟ್ಟನೆ ನಿಲ್ಲಬೇಕು ಎಂಬುದು ಕೇಳುವವರ ಕಿವಿಗೆ ತಾನಾಗಿ ತಿಳಿಯುವುದು.